ಕೊಡಗಿನ ಕರೆಂಟಲ್ಲಿ ಹೋಮ್ ಆಡಿಯೋ: ಸ್ಟೆಬಿಲೈಜರ್, ಅರ್ತಿಂಗ್, ಪವರ್ ಸಪ್ಲೈ, ಯಾವುದಕ್ಕೆ ಮೊದಲು ದುಡ್ಡು ಹಾಕ್ಬೇಕು

ಹೊಸದಾಗಿ ಆಂಪ್ಲಿಫೈಯರ್ ತಗೊಂಡೋರು ಕೇಳೋ ಮೊದಲನೇ ಪ್ರಶ್ನೆನೇ "ಯಾವ ಪವರ್ ಕಂಡೀಷನರ್ ತಗೊಳ್ಳೋದು" ಅಂತ. ನನ್ನ ಉತ್ತರ ಒಂದೇ, ಮೊದಲು ಒಂದು ಮಲ್ಟಿಮೀಟರ್ ತಗೊಳ್ಳಿ, ಕೆಲವು ನೂರು ರೂಪಾಯಿಗೆ ಸಿಗತ್ತೆ. ಪೇಟೆ ಕಡೆ ಮಾರೋ ಆ ದುಬಾರಿ ಕಂಡೀಷನರ್‌ಗಳೆಲ್ಲ ಮಾಡಿರೋದು ವೋಲ್ಟೇಜ್ ಸರಿಯಾಗಿ ಬರ್ತಾ ಇರೋ ಮನೆಗಳಿಗೆ, ಅವರಿಗೆ ಇರೋ ತೊಂದರೆ ಬರೀ ನಾಯ್ಸು, ಅಂದ್ರೆ ಕರೆಂಟಲ್ಲಿ ಸೇರಿ ಬರೋ ಕರಕರ. ನಮಗಿಲ್ಲಿ ತೋಟದ ಮಧ್ಯೆ ಮನೆ, ಟಿಸಿ (ಊರಿಗೆ ಕರೆಂಟ್ ಕೊಡೋ ಕಂಬದ ಟ್ರಾನ್ಸ್‌ಫಾರ್ಮರ್) ಎಲ್ಲೋ ದೂರ, ಲೈನ್ ಮೇಲೆ ಸಿಲ್ವರ್ ಓಕ್ ಕೊಂಬೆ, ಏಪ್ರಿಲ್ ಬಂದ್ರೆ ಗುಡುಗು ಸಿಡಿಲು. ಹಾಗಾಗಿ ನಮ್ಮ ಲೆಕ್ಕ ಉಲ್ಟಾ: ಮೊದಲು ವೋಲ್ಟೇಜು ಮತ್ತೆ ಅರ್ತಿಂಗು, ಆಮೇಲೆ ಸಿಡಿಲು, ಆಮೇಲೆ ನಾಯ್ಸು, ಕೊನೆಗೆ ದುಡ್ಡು ಉಳಿದ್ರೆ ಲೀನಿಯರ್ ಪವರ್ ಸಪ್ಲೈ ಥರದ ಅಪ್‌ಗ್ರೇಡು. ಈ ಆರ್ಡರ್ ತಪ್ಪಿಸಿ ಸೀದಾ ಕೊನೇದಕ್ಕೆ ಕೈ ಹಾಕೋರೇ ಜಾಸ್ತಿ.

ಅಳೆಯೋದು ಹೇಗೆ

ಮೀಟರನ್ನ ಎಸಿ ವೋಲ್ಟ್ 600 ಅಥವಾ 750 ರೇಂಜಿಗೆ ಇಟ್ಟು, ಆಂಪ್ ಹಾಕೋ ಪ್ಲಗ್ ಪಾಯಿಂಟಲ್ಲೇ ಅಳೀರಿ, ಬೇರೆ ರೂಮಿನ ಪಾಯಿಂಟಲ್ಲಿ ನೋಡಿದ್ರೆ ಪ್ರಯೋಜನ ಇಲ್ಲ. ಪ್ರೋಬಿನ ಲೋಹದ ತುದಿಗೆ ಬೆರಳು ತಾಗಬಾರದು, ಕೈ ಒಣಗಿರ್ಬೇಕು, ಕಾಲಿಗೆ ಚಪ್ಪಲಿ ಇರ್ಲಿ. ಮೂರು ರೀಡಿಂಗ್ ಬೇಕು. ಫೇಸ್‌ನಿಂದ ನ್ಯೂಟ್ರಲ್‌ಗೆ, ಫೇಸ್‌ನಿಂದ ಅರ್ತ್‌ಗೆ, ನ್ಯೂಟ್ರಲ್‌ನಿಂದ ಅರ್ತ್‌ಗೆ. ನಮ್ಮ ದೇಶದಲ್ಲಿ ಲೆಕ್ಕದ ಪ್ರಕಾರ 230 ವೋಲ್ಟ್, 50 ಹರ್ಟ್ಸ್. ಮೊದಲೆರಡು ರೀಡಿಂಗ್ ಹೆಚ್ಚು ಕಮ್ಮಿ ಒಂದೇ ಇದ್ದು ಮೂರನೇದು ಒಂದೆರಡು ವೋಲ್ಟಿನ ಒಳಗಿದ್ರೆ ಖುಷಿ ಪಡಿ. ಫೇಸ್-ಅರ್ತ್ ಮಧ್ಯೆ 100, 120 ಅಂತ ಏನೋ ತೇಲಾಡೋ ನಂಬರ್ ತೋರ್ಸಿದ್ರೆ ಆ ಪಾಯಿಂಟಿಗೆ ಅರ್ತ್ ವೈರ್ ಸೇರೇ ಇಲ್ಲ, ಬರೀ ಮೂರನೇ ತೂತಿದೆ ಅಷ್ಟೇ. ಹಳೇ ಮನೆಗಳಲ್ಲಿ ಇದು ತುಂಬಾ ಮಾಮೂಲಿ.

ಒಂದು ಸಲ ಅಳೆದು ಬಿಟ್ರೆ ಆಗಲ್ಲ. ಸಂಜೆ ಏಳರ ಹೊತ್ತಿಗೆ ಎಲ್ಲರ ಮನೇಲೂ ಲೈಟು, ಗೀಸರು, ಟಿವಿ ಓಡ್ತಾ ಇರುವಾಗ ನೋಡಿ, ನಡುರಾತ್ರಿ ಎಲ್ಲ ಆಫ್ ಆದ್ಮೇಲೆ ನೋಡಿ, ಯಾಕಂದ್ರೆ ಲೋಡ್ ಇಲ್ದಾಗ ವೋಲ್ಟೇಜ್ ಮೇಲೆ ಹೋಗತ್ತೆ. ಆಮೇಲೆ ನಮ್ಮ ಊರಿನ ಸೀಸನ್ ಬೇರೆ ಇದೆ. ಕಾಫಿ ಕುಯ್ಲಿನ ಟೈಮಲ್ಲಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮೋಟಾರು, ಫೆಬ್ರವರಿ ಮಾರ್ಚಲ್ಲಿ ಬ್ಲಾಸಮ್‌ಗೆ, ಅಂದ್ರೆ ಕಾಫಿ ಹೂವಿಗೆ, ಸ್ಪ್ರಿಂಕ್ಲರ್ ಹಾಕೋ ಮೋಟಾರು. ನಾಪೋಕ್ಲು ಕಡೆ ಒಬ್ರ ಮನೇಲಿ ಮೀಟರ್ ಸಿಗಿಸಿ ಕಾಫಿ ಕುಡೀತಾ ಕೂತಿದ್ವಿ, 221 ತೋರಿಸ್ತಾ ಇತ್ತು, ಪಕ್ಕದ ತೋಟದಲ್ಲಿ ಪಲ್ಪರ್ ಸ್ಟಾರ್ಟ್ ಆಯ್ತು ನೋಡಿ, ಬಲ್ಬು ಒಂದ್ಸಲ ಕಣ್ಣು ಮಿಟುಕಿಸ್ತು, ಮೀಟರು 178ಕ್ಕೆ ಬಿದ್ದು ಮತ್ತೆ 196ಕ್ಕೆ ಬಂದು ನಿಂತ್ಕೊಳ್ತು. ಮೋಟಾರ್ ಸ್ಟಾರ್ಟ್ ಆಗುವಾಗ ಓಡೋ ಕರೆಂಟಿನ ಐದಾರು ಪಟ್ಟು ಎಳೆಯತ್ತೆ, ಅದಕ್ಕೇ ಆ ಮೊದಲನೇ ಕುಸಿತ. ಮನೆಯವ್ರು "ಸಂಜೆ ಹೊತ್ತು ಬಾಸ್ ಬರಲ್ಲ, ಸ್ಪೀಕರ್ ಹಾಳಾಗಿದ್ಯಾ ನೋಡಣ್ಣ" ಅಂತ ಕರೆದಿದ್ರು. ಸ್ಪೀಕರಿಗೆ ಏನೂ ಆಗಿರ್ಲಿಲ್ಲ.

ಬಾಸ್ ಯಾಕೆ ಹೋಗತ್ತೆ ಅಂದ್ರೆ ಇದು ಸಾದಾ ಲೆಕ್ಕ. ಒಳಗೆ ಮಾಮೂಲಿ ಟ್ರಾನ್ಸ್‌ಫಾರ್ಮರ್ ಇರೋ ಆಂಪಲ್ಲಿ, ಹೊರಗಿನ ವೋಲ್ಟೇಜ್ ಎಷ್ಟು ಇಳಿಯತ್ತೋ ಒಳಗಿನ ಡಿಸಿಯೂ ಅದೇ ಅನುಪಾತದಲ್ಲಿ ಇಳಿಯತ್ತೆ. 230 ಇರೋ ಕಡೆ 180 ಬಂದ್ರೆ 78 ಪರ್ಸೆಂಟು. ಪವರ್ ಅನ್ನೋದು ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಹೋಗೋದ್ರಿಂದ 0.78 ಗುಣಿಸು 0.78, ಅಂದ್ರೆ 0.61. 100 ವ್ಯಾಟ್ ಆಂಪ್ ಆ ಹೊತ್ತಿಗೆ 61 ವ್ಯಾಟ್ ಆಂಪ್. ಮೆಲ್ಲಗೆ ಹಾಡು ಕೇಳೋವಾಗ ಗೊತ್ತೇ ಆಗಲ್ಲ, ಆದ್ರೆ ಮದುವೆ ವಾಲಗದ ರೆಕಾರ್ಡಿಂಗ್ ಹಾಕಿ ಸ್ವಲ್ಪ ಜೋರು ಮಾಡಿ, ಡೋಲಿನ ಪೆಟ್ಟು ಬೀಳೋ ಜಾಗದಲ್ಲಿ ಒಡೆದ ಸೌಂಡ್ ಬರತ್ತೆ, ಅದು ಕ್ಲಿಪ್ಪಿಂಗ್. ಕ್ಲಿಪ್ ಆಗ್ತಾ ಹಾಗೇ ಓಡಿಸಿದ್ರೆ ಟ್ವೀಟರ್ ಸುಡೋ ಚಾನ್ಸ್ ಇದೆ. ವೋಲ್ಟೇಜ್ ಮೇಲೆ ಹೋದ್ರೆ ಇನ್ನೊಂದು ಥರ ತೊಂದರೆ. ಒಳಗೆ 42 ವೋಲ್ಟ್ ಡಿಸಿ ಇದ್ದು 50 ವೋಲ್ಟಿನ ಕೆಪಾಸಿಟರ್ ಹಾಕಿರ್ತಾರೆ ಅಂದ್ಕೊಳ್ಳಿ, ಲೈನಲ್ಲಿ 270 ಬಂದ್ರೆ ಅದು 49 ಆಯ್ತು, ಅಂಚಿಗೆ ಬಂದು ನಿಂತ ಹಾಗೆ.

ಪ್ಲಗ್ ಪಾಯಿಂಟಲ್ಲಿ ವೋಲ್ಟೇಜ್ ಕಮ್ಮಿ ಅಂತ ಕಂಡ ತಕ್ಷಣ ಲೈನಿಗೆ ಬೈಬೇಡಿ, ಎಲೆಕ್ಟ್ರಿಷಿಯನ್ ಕೈಲಿ ಮೇನ್ ಬೋರ್ಡಲ್ಲೂ ಅದೇ ಹೊತ್ತಿಗೆ ಅಳೆಸಿ. ಬೋರ್ಡಲ್ಲಿ 225, ಪಾಯಿಂಟಲ್ಲಿ 208 ಅಂದ್ರೆ ತೊಂದರೆ ನಿಮ್ಮ ಮನೆ ಒಳಗೇ ಇದೆ, ಎಲ್ಲೋ ಜಾಯಿಂಟ್ ಲೂಸು. 2.5 ಸ್ಕ್ವೇರ್ ಎಂಎಂ ತಾಮ್ರದ ವೈರು 20 ಮೀಟರ್ ಎಳೆದ್ರೆ ಹೋಗಿ ಬರೋದು ಸೇರಿ ರೆಸಿಸ್ಟೆನ್ಸ್ ಸುಮಾರು 0.3 ಓಮ್, 5 ಆಂಪಿಯರ್ ಹೋದ್ರೂ ಒಂದೂವರೆ ವೋಲ್ಟ್ ಮಾತ್ರ ಬೀಳ್ಬೇಕು. 17 ವೋಲ್ಟ್ ಬೀಳ್ತಾ ಇದೆ ಅಂದ್ರೆ ಅದು ಎಲ್ಲೋ ಬಿಸಿಯಾಗ್ತಾ ಇದೆ ಅಂತ ಅರ್ಥ. ಇಂಥ ಸಾಕೆಟ್ ಬಿಚ್ಚಿದ್ರೆ ನೋಡೋ ಹಾಗಿರತ್ತೆ: ನ್ಯೂಟ್ರಲ್ ಸ್ಕ್ರೂ ಕಪ್ಪಾಗಿ, ಅದರ ಪಕ್ಕದ ಇನ್ಸುಲೇಷನ್ ಕಂದು ಬಣ್ಣಕ್ಕೆ ತಿರುಗಿ ಮುಟ್ಟಿದ್ರೆ ಪುಡಿ ಉದುರತ್ತೆ, ಹಿತ್ತಾಳೆ ಮೇಲೆ ಹಸಿರು ಪಾಚಿ ಥರ ಕಟ್ಟಿರತ್ತೆ, ಮಳೆಗಾಲದ ತೇವದ ಪ್ರಸಾದ. ಮೇನ್ ಆಫ್ ಮಾಡಿ, ಸುಟ್ಟ ತುದಿ ಕತ್ತರಿಸಿ, ಒಳ್ಳೇ ಕಂಪನಿಯ ಹೊಸ 16 ಆಂಪಿಯರ್ ಸಾಕೆಟ್ ಹಾಕ್ಸಿ. ನನ್ನ ಪ್ರಕಾರ ಆಡಿಯೋಗೆ ಇದಕ್ಕಿಂತ ಕಮ್ಮಿ ಖರ್ಚಿನ ಅಪ್‌ಗ್ರೇಡ್ ಇಲ್ಲ.

ಸಾಧ್ಯ ಆದ್ರೆ ಡಿಬಿಯಿಂದ (ಮನೆಯ ಎಲ್ಲಾ ಲೈನ್ ಹಂಚೋ ಬೋರ್ಡು) ಆಡಿಯೋಗೆ ಅಂತಲೇ ಒಂದು ಬೇರೆ ಲೈನು, ಬೇರೆ ಎಂಸಿಬಿ (ಲೋಡ್ ಜಾಸ್ತಿ ಆದ್ರೆ ಬೀಳೋ ಸ್ವಿಚ್ಚು) ಹಾಕ್ಸಿ. ಇದ್ರಿಂದ ಹೊರಗಿನ ಡಲ್ ವೋಲ್ಟೇಜ್ ಸರಿ ಹೋಗಲ್ಲ, ಅದನ್ನ ನಿರೀಕ್ಷೆ ಮಾಡ್ಬೇಡಿ, ಆದ್ರೆ ಫ್ರಿಜ್ಜು, ಮಿಕ್ಸಿ, ವಾಷಿಂಗ್ ಮಷಿನ್ ಇರೋ ವೈರಲ್ಲಿ ಆಂಪ್ ಇಲ್ದೇ ಇದ್ರೆ ಟಕ್ ಟಕ್ ಸೌಂಡು ಎಷ್ಟೋ ಕಮ್ಮಿ ಆಗತ್ತೆ.

ಆಂಪಿನ ಬೆನ್ನು ಓದಿ

ಸ್ಟೆಬಿಲೈಜರ್ ಅಂಗಡಿಗೆ ಹೋಗೋ ಮುಂಚೆ ಪ್ರತಿಯೊಂದು ಬಾಕ್ಸಿನ ಹಿಂದೆ ಏನು ಬರೆದಿದೆ ನೋಡಿ. 100-240 ವೋಲ್ಟ್ ಅಂತ ಇದ್ರೆ ಒಳಗೆ ಎಲ್ಲಾ ವೋಲ್ಟೇಜಿಗೂ ಹೊಂದೋ ಎಸ್‌ಎಂಪಿಎಸ್ (ಹಗುರದ ಸ್ವಿಚಿಂಗ್ ಪವರ್ ಸಪ್ಲೈ) ಇದೆ, 170 ಬಂದ್ರೂ ಅದು ತಲೆ ಕೆಡಿಸ್ಕೊಳ್ಳಲ್ಲ, ಅದಕ್ಕೆ ಸ್ಟೆಬಿಲೈಜರ್ ದಂಡ, ಓವರ್ ವೋಲ್ಟೇಜ್ ಕಟ್ ಇದ್ರೆ ಸಾಕು. ಈಗ ಬರ್ತಾ ಇರೋ ಚಿಕ್ಕ ಕ್ಲಾಸ್ ಡಿ ಆಂಪು, ಟಿವಿ, ಸೌಂಡ್‌ಬಾರ್ ಸುಮಾರೆಲ್ಲ ಹೀಗೇ. ಬರೀ 230 ವೋಲ್ಟ್ ಅಂತ ಇದ್ದು ಎತ್ತೋಕೆ ಭಾರ ಇದ್ರೆ ಒಳಗೆ ಟ್ರಾನ್ಸ್‌ಫಾರ್ಮರ್ ಇದೆ, ಅದಕ್ಕೆ ಸ್ಟೆಬಿಲೈಜರ್ ಬೇಕು. ಹಿಂದೆ 115/230 ಅಂತ ಒಂದು ಸ್ವಿಚ್ ಇದ್ರೆ ಅದು ತಾನಾಗೇ ಹೊಂದ್ಕೊಳ್ಳೋದಲ್ಲ, ಸ್ವಿಚ್ಚು 230 ಕಡೆ ಇದ್ಯಾ ಅಂತ ಎರಡು ಸಲ ನೋಡಿ.

ಹೊರದೇಶದಲ್ಲಿರೋ ಮಕ್ಕಳು, ಅಳಿಯಂದಿರು ತಂದು ಕೊಟ್ಟ ಸೆಟ್ಟು ನಮ್ಮಲ್ಲಿ ಸುಮಾರು ಮನೇಲಿದೆ. ಗಲ್ಫ್‌ದು, ಯುರೋಪಿಂದು ಆದ್ರೆ ಸಾಮಾನ್ಯವಾಗಿ ಪ್ಲಗ್ ಬದಲಾಯಿಸಿದ್ರೆ ಸಾಕಾಗತ್ತೆ, ಆದ್ರೂ ಹಿಂದೆ ಬರೆದಿರೋ ವೋಲ್ಟೇಜ್ ಒಮ್ಮೆ ನೋಡ್ಕೊಳ್ಳಿ. ಅಮೆರಿಕದ್ದು 120 ವೋಲ್ಟ್, ಜಪಾನಿಂದು 100 ವೋಲ್ಟ್, ಎರಡಕ್ಕೂ ಬೇರೆ ಬೇರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, 110ರದ್ದು ಒಂದು ತಗೊಂಡು ಎರಡಕ್ಕೂ ಹಾಕೋಣ ಅಂದ್ಕೋಬೇಡಿ. ಅಮೆರಿಕದಿಂದ ಬಂದ ಹಳೇ ಟರ್ನ್‌ಟೇಬಲ್ ಆದ್ರೆ ಇನ್ನೊಂದು ತಾಪತ್ರಯ. ಅಲ್ಲಿ 60 ಹರ್ಟ್ಸ್, ಸಿಂಕ್ರೊನಸ್ ಮೋಟಾರ್ ಇರೋದಾದ್ರೆ ಇಲ್ಲಿ 50 ಹರ್ಟ್ಸಲ್ಲಿ ಆರನೇ ಒಂದು ಭಾಗ ನಿಧಾನ ತಿರುಗತ್ತೆ, ಹಾಡೆಲ್ಲ ಎಳೆದಾಡತ್ತೆ. ಟ್ರಾನ್ಸ್‌ಫಾರ್ಮರ್ ಹಾಕಿದ್ರೂ ಅದು ಸರಿ ಹೋಗಲ್ಲ, ಪುಲ್ಲಿ ಬದಲಾಯಿಸ್ಬೇಕು.

ಸ್ಟೆಬಿಲೈಜರ್

ಎರಡು ಥರ ಸಿಗತ್ತೆ. ರಿಲೇದು ಅಗ್ಗ, ವೋಲ್ಟೇಜ್ ಏರಿಳಿದಾಗ ಟಕ್ ಅಂತ ಟ್ಯಾಪ್ ಬದಲಾಯಿಸತ್ತೆ, ಔಟ್‌ಪುಟ್ಟು ಮೆಟ್ಟಿಲು ಮೆಟ್ಟಿಲಾಗಿ ಹಾರತ್ತೆ, ಪ್ರತಿ ಟಕ್‌ಗೂ ಸ್ಪೀಕರಲ್ಲಿ ಒಂದು ಸಣ್ಣ ಪೆಟ್ಟು ಕೇಳ್ಬೋದು. ಸರ್ವೋದಲ್ಲಿ ಒಂದು ಚಿಕ್ಕ ಮೋಟಾರು ಬ್ರಷ್ಷನ್ನ ತಿರುಗಿಸಿ ವೋಲ್ಟೇಜನ್ನ ಸರಾಗವಾಗಿ ಸರಿ ಮಾಡತ್ತೆ, ಔಟ್‌ಪುಟ್ 230ರ ಆಸುಪಾಸಲ್ಲೇ ನಿಲ್ಲತ್ತೆ, ಆದ್ರೆ ಜಾಸ್ತಿ ಬೆಲೆ, ಭಾರ, ಸರಿ ಮಾಡೋಕೆ ಸ್ವಲ್ಪ ಟೈಮ್ ತಗೊಳತ್ತೆ. ಸಂಜೆ ಪೂರ್ತಿ ಡಲ್ ಇರೋ ಮನೆಗೆ ಸರ್ವೋ ಒಳ್ಳೇದು. ಅಪರೂಪಕ್ಕೆ ಏರಿಳಿಯೋ ಕಡೆ ಒಳ್ಳೇ ರಿಲೇದು ಧಾರಾಳ ಸಾಕು, ಸುಮ್ನೆ ದುಡ್ಡು ಹಾಕ್ಬೇಡಿ.

ಸೈಜು ಹೇಗೆ ಲೆಕ್ಕ ಹಾಕೋದು ಅಂದ್ರೆ, ಹಿಂದಿರೋ ವ್ಯಾಟ್ ಎಲ್ಲ ಕೂಡಿಸಿ. ಆಂಪ್ 250, ಸಬ್‌ವೂಫರ್ 200, ಡ್ಯಾಕು (ಡಿಜಿಟಲ್ ಹಾಡನ್ನ ಅನಲಾಗ್ ಮಾಡೋ ಬಾಕ್ಸು) ಪ್ಲೇಯರು ಸೇರಿ 50 ಅಂದ್ರೆ 500 ಆಯ್ತು. 500 ವ್ಯಾಟಿಗೆ 230ರಲ್ಲಿ ಎರಡು ಚಿಲ್ಲರೆ ಆಂಪಿಯರ್ ಸಾಕು, ಅದೇ ಒಳಗೆ ಬರೋದು 170 ಆದಾಗ ಸ್ಟೆಬಿಲೈಜರ್ ಲೈನಿಂದ ಹತ್ತತ್ರ 3 ಆಂಪಿಯರ್ ಎಳೀಬೇಕು. ಹಾಗಾಗಿ ಲೆಕ್ಕಕ್ಕೆ ಡಬಲ್, 1 ಕೆವಿಎ ತಗೊಳ್ಳಿ. ಇನ್‌ಪುಟ್ ರೇಂಜ್ ನೋಡೋದು ಅದಕ್ಕಿಂತ ಮುಖ್ಯ, ನಿಮ್ಮ ಮೀಟರಲ್ಲಿ 160 ಕಂಡಿದ್ರೆ 180ರಿಂದ ಶುರು ಆಗೋ ಸ್ಟೆಬಿಲೈಜರ್ ತಗೊಂಡು ಏನು ಮಾಡ್ತೀರಿ. ಅದಕ್ಕೇ ಮೊದಲು ಅಳೀರಿ ಅಂದಿದ್ದು.

ಹೈ ಕಟ್, ಅಂದ್ರೆ ವೋಲ್ಟೇಜ್ ಮಿತಿ ಮೀರಿದ್ರೆ ತಾನೇ ಆಫ್ ಮಾಡೋದು, ಇಲ್ದೇ ಇರೋ ಸ್ಟೆಬಿಲೈಜರ್ ಮಾತ್ರ ಮುಟ್ಬೇಡಿ. ಜೂನ್ ಜುಲೈ ಗಾಳಿಗೆ ಮರ ಬಿದ್ದು ನ್ಯೂಟ್ರಲ್ ವೈರ್ ಒಂದೇ ಕಟ್ ಆಗತ್ತೆ ಅಂದ್ಕೊಳ್ಳಿ. ಬೇರೆ ಬೇರೆ ಫೇಸಲ್ಲಿರೋ ಎರಡು ಮನೆ ಆಗ ಒಂದಕ್ಕೊಂದು ಸೀರೀಸ್ ಆಗಿ 400 ವೋಲ್ಟಿಗೆ ಸಿಕ್ಕಿ ಹಾಕ್ಕೊಳ್ಳತ್ತೆ, ಅದ್ರಲ್ಲಿ ಯಾರ ಮನೇಲಿ ಲೋಡ್ ಕಮ್ಮಿಯೋ ಅವರಿಗೆ ಜಾಸ್ತಿ ವೋಲ್ಟೇಜ್. ಪಕ್ಕದ ಮನೇಲಿ ಗೀಸರ್ ಓಡ್ತಿದ್ದು ನೀವು ಎರಡು ಬಲ್ಬು, ಒಂದು ಆಂಪ್ ಹಾಕ್ಕೊಂಡು ಹಾಡು ಕೇಳ್ತಾ ಇದ್ರೆ ಪೆಟ್ಟು ನಿಮಗೇ. ಬಲ್ಬು ಇದ್ದಕ್ಕಿದ್ದ ಹಾಗೆ ಕಣ್ಣು ಕುಕ್ಕೋ ಹಾಗೆ ಉರಿದ್ರೆ ಯೋಚನೆ ಮಾಡ್ತಾ ನಿಲ್ಬೇಡಿ, ಓಡಿ ಹೋಗಿ ಮೇನ್ ಆಫ್ ಮಾಡಿ ಲೈನ್‌ಮ್ಯಾನ್‌ಗೆ ಫೋನ್ ಮಾಡಿ. ಇದಕ್ಕೆ ಡಿಬಿ ಒಳಗೇ ಕೂರೋ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಸಿಗತ್ತೆ, 270ರ ಮೇಲೆ, 170ರ ಕೆಳಗೆ ಅಂತ ಸೆಟ್ ಮಾಡಿಟ್ರೆ ತಾನೇ ಕಟ್ ಮಾಡಿ, ಸರಿಯಾದ್ಮೇಲೆ ಸ್ವಲ್ಪ ಹೊತ್ತು ಕಾದು ವಾಪಸ್ ಕೊಡತ್ತೆ. ಆಂಪಿಗೆ ಮಾತ್ರ ಅಲ್ಲ, ಫ್ರಿಜ್ಜಿಗೂ ಇಡೀ ಮನೆಗೂ ಆಯ್ತು.

ಇನ್ನೊಂದು, ಸ್ಟೆಬಿಲೈಜರನ್ನ ಆಂಪಿನ ಪಕ್ಕದಲ್ಲೇ ತಂದು ಇಡ್ಬೇಡಿ. ಒಳಗಿರೋ ಟ್ರಾನ್ಸ್‌ಫಾರ್ಮರಿನ ಫೀಲ್ಡು ಟರ್ನ್‌ಟೇಬಲ್ ಕಾರ್ಟ್ರಿಜ್ಜಿಗೆ, ಅದರ ಸಣ್ಣ ಸಿಗ್ನಲ್ ದೊಡ್ಡದು ಮಾಡೋ ಫೋನೋ ಪ್ರೀಆಂಪಿಗೆ ಹಮ್, ಅಂದ್ರೆ ಮೊರೆತ, ಆಗಿ ಬರತ್ತೆ. ಒಂದೂವರೆ ಮೀಟರಾದ್ರೂ ದೂರ ಇರ್ಲಿ.

ಅರ್ತಿಂಗ್

ಆಂಪಿನ ಲೋಹದ ಬಾಡಿ ಬರಿಗೈಲಿ ಸವರಿದಾಗ ಜುಮ್ ಅಂದ್ರೆ, ಅಥವಾ ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪ್ ಜುಮ್ ಅಂದ್ರೆ, ನಿಮ್ಮ ಪಾಯಿಂಟಿಗೆ ಸರಿಯಾದ ಅರ್ತ್ ಇಲ್ದೇ ಇರೋ ಚಾನ್ಸ್ ಜಾಸ್ತಿ. ಎಸ್‌ಎಂಪಿಎಸ್ ಒಳಗೆ ನಾಯ್ಸ್ ತಡೆಯೋಕೆ ಅಂತ ಲೈನಿಂದ ಬಾಡಿಗೆ ಚಿಕ್ಕ ಕೆಪಾಸಿಟರ್ ಇರತ್ತೆ, ಅರ್ತ್ ಇದ್ರೆ ಆ ಚೂರು ಕರೆಂಟ್ ನೆಲಕ್ಕೆ ಹೋಗತ್ತೆ, ಇಲ್ದೇ ಇದ್ರೆ ನಿಮ್ಮ ಮೂಲಕ ಹೋಗತ್ತೆ. ಆರ್‌ಸಿಎ ಕೇಬಲ್ ಸಿಗಿಸೋವಾಗ ಕಿಡಿ ಬರೋದು, ಎಚ್‌ಡಿಎಂಐ ಪೋರ್ಟ್ ಸುಡೋದಕ್ಕೂ ಎಷ್ಟೋ ಸಲ ಇದೇ ಕಾರಣ.

ನಮ್ಮ ಕಡೆ ಅರ್ತ್ ಪಿಟ್ಟಿನ (ಅರ್ತ್ ಪೈಪ್ ಹೂಳೋ ಗುಂಡಿ) ಕಷ್ಟ ಏನಂದ್ರೆ ಗುಡ್ಡದ ಇಳಿಜಾರಲ್ಲಿ ಮನೆ, ಸ್ವಲ್ಪ ಆಳಕ್ಕೆ ಜಂಬಿಟ್ಟಿಗೆ ಕಲ್ಲೋ ಬಂಡೆನೋ ಸಿಗತ್ತೆ, ಅಗೆಯೋರು ಅಲ್ಲಿಗೇ ನಿಲ್ಲಿಸಿ ಜಿಐ ಪೈಪ್ ಕತ್ತರಿಸಿ ಹೂತು ಹೋಗ್ತಾರೆ. ಮಳೆಗಾಲದಲ್ಲಿ ಎಲ್ಲ ಚೆನ್ನಾಗೇ ಇರತ್ತೆ, ನೆಲ ಒದ್ದೆ ಇರೋದ್ರಿಂದ. ಮಾರ್ಚಲ್ಲಿ ಮಣ್ಣು ಒಣಗಿದ್ಮೇಲೆ ರೆಸಿಸ್ಟೆನ್ಸ್ ಏರಿ ಹಮ್ ಶುರು. ಬೇಸಿಗೆಯಲ್ಲೇ ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ಟೆಸ್ಟರ್ ಇಟ್ಟು ಅಳೆಸಿ, 5 ಓಮ್ ಒಳಗೆ ಬಂದ್ರೆ ಮನೆಗೆ ಒಳ್ಳೇದು. ಜಾಸ್ತಿ ಇದ್ರೆ ಬಚ್ಚಲ ನೀರು ಹರಿಯೋ ಕಡೆ, ಯಾವಾಗ್ಲೂ ತಂಪಿರೋ ಜಾಗದಲ್ಲಿ ಇನ್ನೊಂದು ಪಿಟ್ ಮಾಡಿಸಿ ಎರಡನ್ನೂ ಸೇರಿಸಿ. ಇದ್ದಿಲು ಉಪ್ಪು ಹಾಕೋದು ಹಳೇ ಪದ್ಧತಿ, ಕೆಲಸ ಮಾಡತ್ತೆ, ಆದ್ರೆ ಉಪ್ಪು ನಮ್ಮ ಮಳೆಗೆ ಕರಗಿ ಹೋಗತ್ತೆ, ಪೈಪಿಗೂ ತುಕ್ಕು. ಕೆಮಿಕಲ್ ಅರ್ತಿಂಗ್ ಅಂತ ಬರೋದು ಬಾಳಿಕೆ ಜಾಸ್ತಿ.

ಆಡಿಯೋಗೆ ಅಂತ ಬೇರೆಯದೇ ಅರ್ತ್ ಪಿಟ್ ಮಾಡಿ ಮನೆ ಅರ್ತ್‌ಗೆ ಸೇರಿಸದೇ ಇಡೋದು ಕೆಲವರ ಐಡಿಯಾ, ಬೇಡ. ಸಿಡಿಲು ಹತ್ರ ಬಿದ್ರೆ ಎರಡು ಪಿಟ್ಟಿನ ಮಧ್ಯೆ ಸಾವಿರಾರು ವೋಲ್ಟ್ ವ್ಯತ್ಯಾಸ ಬರತ್ತೆ, ಅದು ನಿಮ್ಮ ಆಂಪಿನ ಒಳಗಿಂದಲೇ ದಾರಿ ಹುಡುಕತ್ತೆ. ಹಮ್ ಹೋಗತ್ತೆ ಅಂತ ಪ್ಲಗ್ಗಿನ ಅರ್ತ್ ಪಿನ್ ಕತ್ತರಿಸೋದು, ಸಾಕೆಟಲ್ಲಿ ನ್ಯೂಟ್ರಲ್ಲಿಗೂ ಅರ್ತ್‌ಗೂ ಜಂಪರ್ ಹಾಕೋದು, ಎರಡೂ ಜೀವಕ್ಕೆ ಅಪಾಯ. ಹಮ್ ಹೋಗೋದು ನಿಜ, ಆದ್ರೆ ಒಳಗೆ ಒಂದು ವೈರ್ ಬಾಡಿಗೆ ತಾಗಿದ ದಿನ ಆಂಪ್ ಮುಟ್ಟಿದೋರು ಉಳಿಯಲ್ಲ. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದ್ರೆ ತಕ್ಷಣ ಕಟ್ ಮಾಡೋ ಸ್ವಿಚ್ಚು) ಇಲ್ದೇ ಇದ್ರೆ ಮೊದಲು ಅದನ್ನ ಹಾಕ್ಸಿ.

ಹಮ್ ಎಲ್ಲಿಂದ ಬರ್ತಿದೆ ಅಂತ ಹುಡುಕೋದು

ಆಂಪಿಗೆ ಬರೋ ಎಲ್ಲಾ ಇನ್‌ಪುಟ್ ಕೇಬಲ್ ಕೀಳಿ. ಹಮ್ ನಿಂತ್ರೆ ಅದು ಹೊರಗಿಂದ ಬರ್ತಿದೆ, ಒಂದೊಂದೇ ಸಿಗಿಸಿ ನೋಡಿ, ಹತ್ತಕ್ಕೆ ಏಳೆಂಟು ಸಲ ಕೇಬಲ್ ಟಿವಿ ಸೆಟ್‌ಟಾಪ್ ಬಾಕ್ಸು ಅಥವಾ ಕಂಪ್ಯೂಟರೇ ಸಿಕ್ಕಿ ಬೀಳೋದು. ಇದು ಗ್ರೌಂಡ್ ಲೂಪ್, ಎರಡು ಬಾಕ್ಸಿನ ಅರ್ತ್ ಎರಡು ದಾರಿಲಿ ಸೇರಿ ಸುತ್ತು ಆಗೋದು. ಎಲ್ಲಾ ಬಾಕ್ಸಿನ ಪ್ಲಗ್ಗನ್ನೂ ಒಂದೇ ಪಾಯಿಂಟಿಂದ ಬರೋ ಒಂದೇ ಒಳ್ಳೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ಹಾಕಿ, ಅರ್ಧಕ್ಕರ್ಧ ಇಲ್ಲೇ ಮುಗಿಯತ್ತೆ. ಆಗ್ಲೂ ಇದ್ರೆ ಸಿಗ್ನಲ್ ಕೇಬಲಲ್ಲಿ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ, ಅಥವಾ ಟಿವಿಯಿಂದ ಆಪ್ಟಿಕಲ್ ಕೇಬಲಲ್ಲಿ ತಗೊಳ್ಳಿ, ಬೆಳಕಲ್ಲಿ ಹಮ್ ಹೋಗಲ್ಲ.

ಕೇಬಲ್ ಎಲ್ಲ ಕಿತ್ರೂ ಇದ್ರೆ ಆಂಪಿನ ಒಳಗೇ ತೊಂದರೆ. ಕಿವಿ ಕೊಟ್ಟು ಕೇಳಿದ್ರೆ ಇದು ಸ್ವಲ್ಪ ಗೊರಗೊರ ಅನ್ನೋ ಥರ ಇರತ್ತೆ, ಯಾಕಂದ್ರೆ ಎಸಿನ ಡಿಸಿ ಮಾಡೋ ರೆಕ್ಟಿಫೈಯರ್ ಆದ್ಮೇಲೆ ಡಿಸಿಯಲ್ಲಿ ಉಳಿಯೋ ಏರಿಳಿತ, ಅಂದ್ರೆ ರಿಪಲ್, 100 ಹರ್ಟ್ಸು, ಗ್ರೌಂಡ್ ಲೂಪಿಂದು 50 ಹರ್ಟ್ಸಿನ ದಪ್ಪ ಮೊರೆತ. ಮೊಬೈಲಲ್ಲಿ ಸ್ಪೆಕ್ಟ್ರಮ್ ತೋರಿಸೋ ಫ್ರೀ ಆಪ್ ಹಾಕಿ ಸ್ಪೀಕರ್ ಹತ್ರ ಹಿಡಿದ್ರೆ ಕಣ್ಣಿಗೇ ಕಾಣತ್ತೆ.

ಸ್ಪೀಕರಲ್ಲಿ ಏನೂ ಇಲ್ಲ, ಆಂಪಿನ ಡಬ್ಬನೇ ಗುಂಯ್ ಅಂತಿದೆ ಅಂದ್ರೆ ಅದು ಬೇರೆ ವಿಷಯ. ಟೊರಾಯ್ಡ್, ಅಂದ್ರೆ ಬಳೆ ಆಕಾರದ, ಟ್ರಾನ್ಸ್‌ಫಾರ್ಮರಿಗೆ ಲೈನಲ್ಲಿ ಚೂರು ಡಿಸಿ ಸೇರಿ ಬಂದ್ರೂ ಸಾಕು, ಕೋರ್ ಸ್ಯಾಚುರೇಟ್ ಆಗಿ ಗುಂಯ್‌ಗುಡತ್ತೆ. ಹೇರ್ ಡ್ರೈಯರ್ ಅರ್ಧ ಸ್ಪೀಡಲ್ಲಿ ಹಾಕಿ ನೋಡಿ, ಅಗ್ಗದ್ದು ಸುಮಾರು ಒಂದು ಡಯೋಡ್ ಹಾಕಿ ಅರ್ಧ ವೇವ್ ಮಾತ್ರ ಎಳೆಯತ್ತೆ, ಆಗ ಗುಂಯ್ ಜಾಸ್ತಿ ಆದ್ರೆ ಇದೇ ರೋಗ. ಡಿಸಿ ಬ್ಲಾಕರ್ ಅಂತ ಸಿಗತ್ತೆ, ದೊಡ್ಡ ಕೆಪಾಸಿಟರ್ ಎರಡು ಮತ್ತೆ ಡಯೋಡ್ ಬ್ರಿಡ್ಜ್ ಇರೋ ಸರ್ಕ್ಯೂಟು, ಗೊತ್ತಿರೋ ಟೆಕ್ನಿಷಿಯನ್ ಕೈಲೇ ಮಾಡ್ಸಿ, ಅದು ನೇರ 230ರಲ್ಲಿ ಕೂರೋ ವಸ್ತು.

ನಾಯ್ಸ್ ಹುಡುಕೋಕೆ ಮನೇಲಿರೋ ಹಳೇ ಟ್ರಾನ್ಸಿಸ್ಟರ್ ರೇಡಿಯೋಗಿಂತ ಒಳ್ಳೇ ಯಂತ್ರ ಇಲ್ಲ. ಮೀಡಿಯಂ ವೇವಲ್ಲಿ ಸ್ಟೇಷನ್ ಇಲ್ದಿರೋ ಜಾಗಕ್ಕೆ ತಿರುಗಿಸಿ, ಕೈಲಿ ಹಿಡ್ಕೊಂಡು ಮನೆ ಸುತ್ತಿ. ಅಗ್ಗದ ಎಲ್ಇಡಿ ಬಲ್ಬು, ಫೋನ್ ಚಾರ್ಜರ್, ಫ್ಯಾನ್ ರೆಗ್ಯುಲೇಟರ್ ಹತ್ರ ಬಂದಾಗ ಕರಕರ ಜೋರಾಗತ್ತೆ. ಆ ಬಲ್ಬು ಬದಲಾಯಿಸೋದು, ಸಾವಿರಾರು ರೂಪಾಯಿ ಫಿಲ್ಟರ್ ಹಾಕೋದಕ್ಕಿಂತ ವಾಸಿ. ಎಲ್ಲ ಮಾಡಿದ್ಮೇಲೂ ಉಳಿದ್ರೆ ಆಗ ಐಸೋಲೇಷನ್ ಟ್ರಾನ್ಸ್‌ಫಾರ್ಮರೋ, ನಾಯ್ಸ್ ತಡೆಯೋ ಇಎಂಐ ಫಿಲ್ಟರ್ ಇರೋ ಕಂಡೀಷನರೋ ತಗೊಳ್ಳಿ, ತಪ್ಪಿಲ್ಲ.

ಸಿಡಿಲು

ಹತ್ರ ಬೀಳೋ ಸಿಡಿಲನ್ನ ತಡೆಯೋ ಎಕ್ಸ್‌ಟೆನ್ಶನ್ ಬಾಕ್ಸ್ ಯಾವ ಅಂಗಡೀಲೂ ಇಲ್ಲ. ಗುಡುಗು ಕೇಳಿಸ್ತು ಅಂದ್ರೆ ಪ್ಲಗ್ ಕೀಳಿ, ಸ್ವಿಚ್ ಆಫ್ ಮಾಡಿದ್ರೆ ಸಾಲ್ದು, ಸ್ವಿಚ್ಚಿನ ಗ್ಯಾಪು ಕೆಲವು ಮಿಲಿಮೀಟರು ಅಷ್ಟೇ. ಜನ ಮರೆಯೋದು ಬೇರೆ ವೈರ್‌ಗಳನ್ನ. ಡಿಶ್ ಕೇಬಲ್, ಕೇಬಲ್ ಟಿವಿ, ಲ್ಯಾನ್ ವೈರು. ಕರೆಂಟಿನ ಪ್ಲಗ್ ಕಿತ್ತು ಡಿಶ್ಶಿನ ಕೇಬಲ್ ಬಿಟ್ಟಿದ್ರೆ ಸೂರಿನ ಮೇಲಿಂದ ಸೀದಾ ಟಿವಿಗೆ, ಅಲ್ಲಿಂದ ಎಚ್‌ಡಿಎಂಐ ಹಿಡ್ಕೊಂಡು ಆಂಪಿಗೆ ಬರತ್ತೆ.

ನೀವು ಮನೇಲಿಲ್ದಾಗಿನ ಸಣ್ಣಪುಟ್ಟ ಹೊಡೆತಕ್ಕೆ ಡಿಬಿಯಲ್ಲಿ ಟೈಪ್ 2 ಎಸ್‌ಪಿಡಿ (ಸರ್ಜನ್ನ ಅರ್ತ್‌ಗೆ ಇಳಿಸೋ ಸಾಧನ) ಹಾಕ್ಸಿ, ಅದರಿಂದ ಅರ್ತ್ ಬಾರಿಗೆ ಹೋಗೋ ವೈರ್ ಆದಷ್ಟು ಗಿಡ್ಡ ಇರ್ಬೇಕು, ಸುತ್ತಿ ಸುತ್ತಿ ಹೋದ್ರೆ ಇದ್ದೂ ಇಲ್ದ ಹಾಗೆ. ಅರ್ತೇ ಸರಿ ಇಲ್ದ ಮನೇಲಿ ಎಸ್‌ಪಿಡಿ ಹಾಕೋದೂ ಅಷ್ಟೇ. ಸ್ಪೈಕ್ ಗಾರ್ಡ್ ಒಳಗಿರೋ ಎಂಓವಿ (ಸ್ಪೈಕ್ ಹೀರೋ ಚಿಕ್ಕ ಬಿಲ್ಲೆ) ಪ್ರತಿ ಪೆಟ್ಟಿಗೂ ಸ್ವಲ್ಪ ಸ್ವಲ್ಪ ಸವೆಯತ್ತೆ, ಅದರ ಸಣ್ಣ ಲೈಟ್ ಆರಿ ಹೋಗಿದ್ರೆ ಅದೀಗ ಬರೀ ಎಕ್ಸ್‌ಟೆನ್ಶನ್ ಬಾಕ್ಸು. ಮತ್ತೆ ಎಂಓವಿ ಇರೋದು ಮೈಕ್ರೋಸೆಕೆಂಡ್ ಲೆಕ್ಕದ ಸ್ಪೈಕಿಗೆ, ನ್ಯೂಟ್ರಲ್ ಕಟ್ ಆಗಿ 350 ನಿಂತೇ ಬಿಟ್ರೆ ಅದೇ ಕಾದು ಸುಟ್ಟು ಹೋಗತ್ತೆ.

ಇನ್ವರ್ಟರ್, ಜನರೇಟರ್

ಸ್ಕ್ವೇರ್ ವೇವ್ ಇನ್ವರ್ಟರಲ್ಲಿ ಟ್ರಾನ್ಸ್‌ಫಾರ್ಮರ್ ಆಂಪ್ ಓಡಿಸ್ಬೇಡಿ. ಸೈನ್ ವೇವಲ್ಲಿ 230 ಅಂದ್ರೆ ತುದಿ 325 ವೋಲ್ಟ್, ಆಂಪಿನ ಒಳಗಿನ ಕೆಪಾಸಿಟರ್ ತುಂಬೋದು ಆ ತುದಿ ನೋಡ್ಕೊಂಡು. ಸ್ಕ್ವೇರ್ ವೇವಿಗೆ ಅಂಥ ತುದಿ ಇಲ್ಲ, ಮೀಟರಲ್ಲಿ 220 ತೋರ್ಸಿದ್ರೂ ಒಳಗೆ ಡಿಸಿ ಕಮ್ಮಿ, ಮೇಲಿಂದ ಟ್ರಾನ್ಸ್‌ಫಾರ್ಮರ್ ಕಿರಿಚಾಟ, ಬಿಸಿ. ಪ್ಯೂರ್ ಸೈನ್ ವೇವ್ ತಗೊಳ್ಳಿ. ಆನ್‌ಲೈನ್ ಯುಪಿಎಸ್ ಇದ್ರೆ ಸ್ಟೆಬಿಲೈಜರೂ ಬೇಡ, ಅದು ಎಸಿನ ಡಿಸಿ ಮಾಡಿ ಮತ್ತೆ ಹೊಸದಾಗಿ ಎಸಿ ಮಾಡಿ ಕೊಡತ್ತೆ, ಆದ್ರೆ ಅದರ ಫ್ಯಾನ್ ಸದ್ದು ಹಾಡು ಕೇಳೋ ರೂಮಲ್ಲಿ ಸಹಿಸೋಕಾಗಲ್ಲ, ಪಕ್ಕದ ರೂಮಲ್ಲಿಟ್ಟು ವೈರ್ ಎಳೀರಿ. ಎಸ್ಟೇಟ್ ಜನರೇಟರ್ ಆದ್ರೆ ಸ್ಟಾರ್ಟ್ ಆಗಿ ಸೌಂಡು ಒಂದೇ ಸಮ ಆಗೋವರೆಗೂ ಕಾದು ಆಮೇಲೆ ಆಂಪ್ ಆನ್ ಮಾಡಿ, ಜನರೇಟರ್ ನಿಲ್ಲಿಸೋ ಮುಂಚೆನೇ ಆಫ್ ಮಾಡಿ.

ಇಷ್ಟಾದ್ಮೇಲೆ ಪವರ್ ಸಪ್ಲೈ ಅಪ್‌ಗ್ರೇಡ್

ಇಲ್ಲಿ ನಿಜವಾಗ್ಲೂ ಫಲ ಸಿಗೋದು ಚಿಕ್ಕ ಸಿಗ್ನಲ್ ಇರೋ ಕಡೆ: ಫೋನೋ ಪ್ರೀಆಂಪ್, ಡ್ಯಾಕ್, ಸ್ಟ್ರೀಮರ್. ಜೊತೆಗೆ ಬಂದ ಅಗ್ಗದ ಅಡಾಪ್ಟರ್ ಬದಲು ಲೀನಿಯರ್ ಸಪ್ಲೈ (ಟ್ರಾನ್ಸ್‌ಫಾರ್ಮರ್ ಇರೋ, ಸ್ವಿಚಿಂಗ್ ನಾಯ್ಸ್ ಇಲ್ದ ಸಪ್ಲೈ) ಹಾಕ್ಬೋದು. ವೋಲ್ಟೇಜು ಅಡಾಪ್ಟರ್ ಮೇಲಿದ್ದಷ್ಟೇ ಇರ್ಬೇಕು, ಆಂಪಿಯರ್ ಅಷ್ಟೋ ಅದಕ್ಕಿಂತ ಜಾಸ್ತಿನೋ ಇರ್ಬೋದು, ಪಿನ್ನಿನ ಮಧ್ಯ ಪ್ಲಸ್ಸೋ ಮೈನಸ್ಸೋ ಚಿತ್ರ ನೋಡಿ ಮೀಟರಲ್ಲೂ ಖಾತ್ರಿ ಮಾಡ್ಕೊಳ್ಳಿ. ಕೆಲವು ಫೋನೋ ಪ್ರೀಆಂಪ್ ಅಡಾಪ್ಟರ್ ಎಸಿ ಔಟ್‌ಪುಟ್ ಇರತ್ತೆ, ಅದಕ್ಕೆ ಡಿಸಿ ಕೊಡ್ಬೇಡಿ. ರಾಸ್ಪ್‌ಬೆರಿ ಪೈ 4 ಹಾಕಿ ಸ್ಟ್ರೀಮರ್ ಮಾಡ್ಕೊಂಡೋರಿಗೆ 5.1 ವೋಲ್ಟ್ 3 ಆಂಪಿಯರ್ ಬೇಕು, ಇಂಥ ಕಮ್ಮಿ ವೋಲ್ಟೇಜಲ್ಲಿ ತೆಳು ಉದ್ದ ವೈರ್ ಹಾಕಿದ್ರೆ ದಾರಿಯಲ್ಲೇ ಅರ್ಧ ವೋಲ್ಟ್ ಹೋಗತ್ತೆ, ಗಿಡ್ಡ ದಪ್ಪ ವೈರ್ ಹಾಕಿ. ನೀವೇ ಎಲ್ಎಂ317 ಥರದ ರೆಗ್ಯುಲೇಟರ್ ಹಾಕಿ ಮಾಡೋದಾದ್ರೆ ಬಿಸಿ ಲೆಕ್ಕ ಮರೀಬೇಡಿ, 12 ವೋಲ್ಟ್ ಒಳಗೆ ಬಂದು 5 ಹೊರಗೆ ಹೋಗಿ 1 ಆಂಪಿಯರ್ ಹರಿದ್ರೆ 7 ವ್ಯಾಟ್ ಬರೀ ಬಿಸಿ, ಒಳ್ಳೇ ಹೀಟ್ ಸಿಂಕ್ ಬೇಕೇ ಬೇಕು.

ಹಳೇ ಸೋನೋಡೈನ್, ಕಾಸ್ಮಿಕ್ ಥರದ ಆಂಪ್ ಅಟ್ಟದಿಂದ ಇಳಿಸಿದೋರು ನೇರ ಪ್ಲಗ್ ಹಾಕ್ಬೇಡಿ. ರಿಪೇರಿ ಅಂಗಡಿಲಿರೋ, ಬಲ್ಬಿನ ಮೂಲಕ ಕರೆಂಟ್ ಕೊಡೋ ಸೀರೀಸ್ ಬೋರ್ಡಲ್ಲಿ ಹಾಕಿ ನೋಡ್ಸಿ, 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಒಂದ್ಸಲ ಹೊಳೆದು ಮಂಕಾದ್ರೆ ಸರಿ, ಉರೀತಾನೇ ಇದ್ರೆ ಒಳಗೆ ಶಾರ್ಟ್ ಇದೆ. ಎಲ್ಇಡಿ ಬಲ್ಬಲ್ಲಿ ಈ ಟೆಸ್ಟ್ ಆಗಲ್ಲ. ಆಮೇಲೆ ಮೇನ್ ಫಿಲ್ಟರ್ ಕೆಪಾಸಿಟರ್ ಬದಲಾಯಿಸಿ. ರಿಪಲ್ ಲೆಕ್ಕ ಸುಲಭ, ಕೆಪಾಸಿಟರಿನ ಫ್ಯಾರಡ್ಡನ್ನ 100ರಿಂದ ಗುಣಿಸಿ, ಬಂದಿದ್ರಿಂದ ಕರೆಂಟನ್ನ ಭಾಗಿಸಿ: 2 ಆಂಪಿಯರಿಗೆ 4700 ಮೈಕ್ರೋಫ್ಯಾರಡ್ ಇದ್ರೆ 4 ವೋಲ್ಟಿಗಿಂತ ಸ್ವಲ್ಪ ಜಾಸ್ತಿ, 10,000 ಇದ್ರೆ 2 ವೋಲ್ಟ್. ಹಾಗಂತ 47,000 ತಂದು ತುಂಬ್ಬೇಡಿ, ಆನ್ ಮಾಡಿದ ಕ್ಷಣ ಎಳೆಯೋ ಕರೆಂಟಿಗೆ ಫ್ಯೂಸ್ ಹೋಗತ್ತೆ, ಬ್ರಿಡ್ಜ್ ಹೋಗತ್ತೆ. ಇದ್ದಿದ್ದಕ್ಕಿಂತ ಒಂದೂವರೆ ಪಟ್ಟು ಸಾಕು, ವೋಲ್ಟ್ ರೇಟಿಂಗ್ ಅಷ್ಟೇ ಇರ್ಲಿ ಅಥವಾ ಮೇಲಿಂದು, 105 ಡಿಗ್ರಿದು. ನಮ್ಮ ವೋಲ್ಟೇಜ್ ಆಟ ನೋಡಿದ್ರೆ 50 ಇರೋ ಕಡೆ 63 ಹಾಕೋದೇ ಜಾಣತನ. ಫ್ಯೂಸ್ ಮಾತ್ರ ಅದೇ ಆಂಪಿಯರಿಂದು, ಅದೇ ಸ್ಲೋ ಬ್ಲೋ.

ಡಬ್ಬ ಬಿಚ್ಚೋ ಮುಂಚೆ ಪ್ಲಗ್ ಕೀಳಿ, ಬಿಚ್ಚಿದ್ಮೇಲೆ 1 ಕಿಲೋಓಮ್ 5 ವ್ಯಾಟ್ ರೆಸಿಸ್ಟರನ್ನ ಇನ್ಸುಲೇಟೆಡ್ ಕ್ಲಿಪ್ಪಲ್ಲಿ ಕೆಪಾಸಿಟರ್ ಕಾಲುಗಳಿಗೆ ಒಂದು ನಿಮಿಷ ಹಿಡಿದು, ಮೀಟರಲ್ಲಿ ಸೊನ್ನೆ ನೋಡಿ ಆಮೇಲೆ ಕೈ ಹಾಕಿ. ಸ್ಕ್ರೂಡ್ರೈವರ್ ಇಟ್ಟು ಫಟ್ ಅನ್ಸೋದು ಬೇಡ. ಎಸ್‌ಎಂಪಿಎಸ್ ಒಳಗೆ 325 ವೋಲ್ಟ್, ವಾಲ್ವ್ ಆಂಪಲ್ಲಿ 400 ದಾಟಿರತ್ತೆ, ಅವೆರಡನ್ನ ಗೊತ್ತಿಲ್ದೋರು ಬಿಚ್ಲೇಬೇಡಿ.

ಹತ್ತಾರು ಸಾವಿರದ ಪವರ್ ಕೇಬಲ್, ಆಡಿಯೋ ಫ್ಯೂಸ್ ಬಗ್ಗೆ ಕೇಳೋರಿಗೆ: ಟಿಸಿಯಿಂದ ನಿಮ್ಮ ಮನೆವರೆಗೂ ಅಷ್ಟುದ್ದ ಅಲ್ಯೂಮಿನಿಯಂ ತಂತಿಯಲ್ಲಿ ಬಂದ ಕರೆಂಟಿಗೆ ಕೊನೇ ಒಂದೂವರೆ ಮೀಟರಲ್ಲಿ ಬೆಳ್ಳಿ ಹಾಕಿ ಏನಾಗ್ಬೇಕು. ಆ ದುಡ್ಡಿಗೆ ಎರಡನೇ ಅರ್ತ್ ಪಿಟ್ಟೂ ಬರತ್ತೆ, ಸರ್ವೋನೂ ಬರತ್ತೆ.

ಮಳೆಗಾಲಕ್ಕೆ ಒಂದು ಮಾತು ಉಳೀತು. ಕಕ್ಕಡದಲ್ಲಿ, ಅಂದ್ರೆ ಜುಲೈ ಆಗಸ್ಟ್ ಹೊತ್ತಿನ ಕೊಡವ ತಿಂಗಳಲ್ಲಿ, ಗೋಡೆನೇ ಬೆವರೋ ಮನೆಗಳಲ್ಲಿ ಆಂಪನ್ನ ತಿಂಗಳುಗಟ್ಲೆ ಬಟ್ಟೆ ಮುಚ್ಚಿಟ್ರೆ ವಾಲ್ಯೂಮ್ ಕಂಟ್ರೋಲ್ ಕರಕರ, ರಿಲೇ ಕಾಂಟ್ಯಾಕ್ಟ್ ಹಸಿರು. ಎರಡು ಮೂರು ದಿನಕ್ಕೊಮ್ಮೆ ಗುಡುಗಿಲ್ದ ಹೊತ್ತು ನೋಡಿ ಅರ್ಧ ಗಂಟೆ ಓಡಿಸಿ, ಒಳಗಿನ ಬಿಸಿಗೇ ತೇವ ಆರತ್ತೆ. ಸ್ಟೆಬಿಲೈಜರನ್ನ ನೆಲದಲ್ಲಿ ಇಡ್ದೇ ಗೋಡೆಗೆ ಸ್ಟ್ಯಾಂಡ್ ಹೊಡೆದು ಮೇಲಿಡಿ, ಅದರ ಗಾಳಿ ತೂತಿಗೆ ಸಣ್ಣ ಜಾಲರಿ ಹಾಕಿ, ಬೆಚ್ಚಗಿರತ್ತೆ ಅಂತ ಇರುವೆ, ಹಲ್ಲಿ ಒಳಗೆ ಹೋಗಿ ಬೋರ್ಡ್ ಮೇಲೆ ಸತ್ತು ಶಾರ್ಟ್ ಮಾಡತ್ತೆ. ವರ್ಷಕ್ಕೊಂದ್ಸಲ, ಮಳೆ ನಿಂತು ಕುಯ್ಲು ಶುರು ಆಗೋ ಮುಂಚೆ, ಮೇನ್ ಆಫ್ ಮಾಡ್ಸಿ ಡಿಬಿಲೂ ಸಾಕೆಟಲ್ಲೂ ಸ್ಕ್ರೂ ಎಲ್ಲ ಟೈಟ್ ಮಾಡ್ಸಿ, ಎಸ್‌ಪಿಡಿಯ ಸಣ್ಣ ಕಿಟಕಿ ಹಸಿರೇ ಇದ್ಯಾ ಕೆಂಪಾಗಿದ್ಯಾ ನೋಡಿ, ಕೆಂಪಾಗಿದ್ರೆ ಅದರ ಕಾರ್ಟ್ರಿಜ್ ಬದಲಾಯಿಸಿ.